41 ಸ್ಕ್ರೀನ್‌ಶಾಟ್, ಒಂದೂ ಪೂರ್ತಿ ಇಲ್ಲ

ಲಾಯರ್ ಮೇಡಂ ಫೋನ್ ಮಾಡಿದಾಗ ಸಂಜೆ ಆರೂವರೆ. "ಪೋಸ್ಟ್ ಡಿಲೀಟ್ ಆಗಿದೆಯಂತೆ. ಆದ್ರೆ ಸ್ಕ್ರೀನ್‌ಶಾಟ್ ಎಲ್ಲ ಇದೆ. ನೀವು ಬಂದು ಸುಮ್ನೆ ಒಂದು ಸರ್ಟಿಫಿಕೇಟ್ ಕೊಟ್ಟರೆ ಸಾಕು" ಅಂದರು. ಈ 'ಸುಮ್ನೆ ಒಂದು' ಅನ್ನುವ ಮಾತು ಕೇಳಿದರೆ ನನಗೆ ಒಳಗೇ ಭಯ.

ವಕೀಲರಿಗೆ ಆನ್‌ಲೈನ್ ಸಾಕ್ಷ್ಯ ಸಂಗ್ರಹಿಸಿ ಕೊಡುವುದು ನನ್ನ ಕೆಲಸ. ಸರ್ಟಿಫಿಕೇಟ್ ಅಂದರೆ ಆ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡುವ ಪ್ರಮಾಣಪತ್ರ. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಕಕ್ಷಿದಾರರು ಮಕ್ಕಳಿಗೆ ಚಿತ್ರಕಲೆ ಕಲಿಸುವ ಟೀಚರ್. ಫೇಸ್‌ಬುಕ್‌ನಲ್ಲಿ ಯಾರೋ ಅವರ ಹೆಸರು, ಫೋಟೊ ಹಾಕಿ 'ಫೀಸು ತಗೊಂಡು ಪಾಠ ಮಾಡಲ್ಲ, ಮಕ್ಕಳಿಗೆ ಹೊಡೀತಾರೆ' ಅಂತ ಬರೆದಿದ್ದರು. ಖಾತೆಯ ಹೆಸರು ನೋಡಿದರೇ ಫೇಕ್ ಅಂತ ಗೊತ್ತಾಗುತ್ತಿತ್ತು. ಎರಡು ದಿನದಲ್ಲಿ ಕಾಮೆಂಟ್ ಇನ್ನೂರು ದಾಟಿತ್ತು. ಒಂಬತ್ತು ಮಕ್ಕಳು ಕ್ಲಾಸ್ ಬಿಟ್ಟಿದ್ದರು. ಮಾನನಷ್ಟದ ಕೇಸ್ ಹಾಕಲೇಬೇಕು ಅಂತ ಟೀಚರ್ ಹಟ ಹಿಡಿದು, 41 ಸ್ಕ್ರೀನ್‌ಶಾಟ್ ತೆಗೆದು ಲಾಯರ್ ಮೇಡಂಗೆ ವಾಟ್ಸಾಪ್ ಮಾಡಿದ್ದರು.

ಆಫೀಸಿಗೆ ಹೋಗಿ ಕೂತು ಒಂದೊಂದನ್ನೇ ತೆರೆದು ನೋಡಿದೆ. ಯಾವುದರಲ್ಲೂ ಪುಟದ ವಿಳಾಸ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ವಿಳಾಸ ಕಾಣುವುದೇ ಇಲ್ಲವಲ್ಲ. ದಿನಾಂಕ ಇರಬೇಕಾದ ಜಾಗದಲ್ಲಿ '3 ಗಂಟೆ', 'ನಿನ್ನೆ' ಅಂತಿದೆ. ಯಾವತ್ತಿನ ನಿನ್ನೆ? ಉದ್ದದ ಕಾಮೆಂಟ್‌ಗಳು 'ಇನ್ನಷ್ಟು ನೋಡಿ' ಅನ್ನುವಲ್ಲಿಗೇ ನಿಂತುಬಿಟ್ಟಿವೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದ್ದರಿಂದ ಪ್ರತಿ ಚಿತ್ರವೂ ಕುಗ್ಗಿ ಬೇರೆಯೇ ಫೈಲ್ ಆಗಿದೆ. ಮೂಲ ಫೈಲಿನ ಹೆಸರೂ ಹೋಯಿತು, ತೆಗೆದ ಸಮಯವೂ ಹೋಯಿತು. ಡಾಕ್ಯುಮೆಂಟ್ ಅಂತ ಕಳಿಸಿದ್ದರೆ ಇದ್ದ ಹಾಗೇ ಬರುತ್ತಿತ್ತು.

17ನೆಯದರ ಹತ್ತಿರ ಕೈ ನಿಂತಿತು. ಟೀಚರ್ ಪರವಾಗಿ ಒಬ್ಬ ತಾಯಿ ಹಾಕಿದ ಕಾಮೆಂಟ್, ಅದಕ್ಕೆ ಟೀಚರ್ ಕೊಟ್ಟ ವಿನಯದ ರಿಪ್ಲೈ. ಅಲ್ಲಿಗೆ ಚಿತ್ರ ಮುಗಿದಿದೆ. ಆದರೆ ಎಡಗಡೆ ರಿಪ್ಲೈಗಳನ್ನು ಜೋಡಿಸುವ ತೆಳು ಗೆರೆ ಇನ್ನೂ ಕೆಳಕ್ಕೆ ಇಳಿದಿದೆ. ತೀರಾ ತಳದಲ್ಲಿ ಇನ್ನೊಂದು ಕಾಮೆಂಟಿನ ಬೂದು ಬಣ್ಣದ ಅಂಚು, ಕೂದಲೆಳೆಯಷ್ಟು. ಬೇರೆ ಚಿತ್ರಗಳು ಅಡ್ಡಾದಿಡ್ಡಿ ಕತ್ತರಿಸಿದಂಥವು. ಇದು ಹಾಗಲ್ಲ, ನೋಡಿಕೊಂಡು ಕತ್ತರಿಸಿದ್ದು. ಆಗ ಏನೂ ಕೇಳಲಿಲ್ಲ. ನೋಟ್ ಪುಸ್ತಕದಲ್ಲಿ '17, ಕೆಳಗೆ ಏನೋ ಇದೆ' ಅಂತ ಬರೆದುಕೊಂಡೆ.

ಡಿಲೀಟ್ ಆಗಿದೆ ಅಂದದ್ದು ಯಾರು ಅಂತ ವಿಚಾರಿಸಿದರೆ ಟೀಚರ್ ಯಜಮಾನರು. ಅವರ ಫೋನಿನಲ್ಲಿ 'ಈ ವಿಷಯ ಈಗ ಲಭ್ಯವಿಲ್ಲ' ಅಂತ ಬರುತ್ತಿತ್ತು. ನನ್ನ ಖಾತೆಯಿಂದ ನೋಡಿದೆ. ಪೋಸ್ಟ್ ಆರಾಮಾಗಿ ಕೂತಿದೆ! ಆಗಿದ್ದಿಷ್ಟೇ, ಫೇಕ್ ಖಾತೆಯವರು ಯಜಮಾನರನ್ನು ಬ್ಲಾಕ್ ಮಾಡಿದ್ದರು. ಬ್ಲಾಕ್ ಆದವರಿಗೂ ಡಿಲೀಟ್ ಆದ ಪುಟಕ್ಕೂ ಫೇಸ್‌ಬುಕ್ ತೋರಿಸುವುದು ಒಂದೇ ಮಾತು. ಇದನ್ನು ನಂಬಿ ಎಷ್ಟು ಜನ ಸಾಕ್ಷ್ಯ ಕೈಬಿಟ್ಟಿದ್ದಾರೋ.

ಇನ್ನೊಂದು ಗಡಿಬಿಡಿ ಕಾದಿತ್ತು. ಟೀಚರ್ ಸ್ನೇಹಿತರೆಲ್ಲ ಸೇರಿ ಪೋಸ್ಟನ್ನು ರಿಪೋರ್ಟ್ ಮಾಡುತ್ತಿದ್ದರು. "ಟೀಚರ್, ಎರಡು ಗಂಟೆ ನಿಲ್ಲಿಸಿ ಅಂತ ಹೇಳಿ" ಅಂದೆ. ಅವರಿಗೆ ಸಿಟ್ಟು ಬಂತು. "ಅಲ್ಲಿ ನನ್ನ ಮಾನ ಹೋಗ್ತಿದೆ ಸರ್, ನೀವು ಇರಲಿ ಬಿಡಿ ಅಂತೀರಲ್ಲ!" ಅವರ ಮಾತಲ್ಲಿ ತಪ್ಪಿಲ್ಲ. ಆದರೆ ಕಂಪನಿಯವರು ಪೋಸ್ಟ್ ತೆಗೆದುಬಿಟ್ಟರೆ ನಮ್ಮ ಕೈಗೂ ಸಿಗುವುದಿಲ್ಲ. ಮೊದಲು ಹಿಡಿದಿಡುವುದು, ಆಮೇಲೆ ರಿಪೋರ್ಟ್. ಜೀವಕ್ಕೆ ಅಪಾಯ ಇದ್ದಾಗ, ಮಕ್ಕಳ ಅಶ್ಲೀಲ ಚಿತ್ರದಂಥ ವಿಷಯ ಇದ್ದಾಗ ಮಾತ್ರ ಈ ಲೆಕ್ಕ ಬೇರೆ. ಅಂಥದ್ದನ್ನು ಸಾಕ್ಷ್ಯ ಅಂತ ಇಟ್ಟುಕೊಳ್ಳುವುದೇ ಅಪರಾಧ ಆಗಬಹುದು. ನೇರ ಪೊಲೀಸರ ಹತ್ತಿರ ಹೋಗಬೇಕು.

ಆ ರಾತ್ರಿಯ ಕೆಲಸ

7:52ಕ್ಕೆ ಸ್ಕ್ರೀನ್ ರೆಕಾರ್ಡಿಂಗ್ ಶುರು ಮಾಡಿದೆ. ಬೇರೇನೂ ಇಲ್ಲದ ಕೆಲಸದ ಲ್ಯಾಪ್‌ಟಾಪ್, ಹೊಸ ಬ್ರೌಸರ್ ಪ್ರೊಫೈಲ್. ಮೊದಲು ಗಡಿಯಾರ ತೋರಿಸಿದೆ, ಆಮೇಲೆ ವಿಳಾಸ ಟೈಪ್ ಮಾಡಿ ಪುಟ ತೆರೆದೆ. ಲಾಗಿನ್ ಆಗಿದ್ದು ನನ್ನ ನಿಜವಾದ ಹೆಸರಿನ ಖಾತೆಯಿಂದ. ಸುಳ್ಳು ಹೆಸರಿನ ಖಾತೆ ಮಾಡಿ ಎದುರಿನವರಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿ ಒಳಗೆ ನುಗ್ಗುವವರಿದ್ದಾರೆ. ನಾನು ಆ ದಾರಿ ಹಿಡಿಯುವುದಿಲ್ಲ. ಎಲ್ಲರಿಗೂ ಕಾಣುವುದು, ಇಲ್ಲವೇ ಕಕ್ಷಿದಾರರಿಗೆ ನ್ಯಾಯವಾಗಿ ಕಾಣುವುದು, ಅಷ್ಟೇ ನನಗೆ ಬೇಕು.

ಪೋಸ್ಟಿನ ಸಮಯದ ಮೇಲೆ ಒತ್ತಿದರೆ ಆ ಪೋಸ್ಟಿನದೇ ಸ್ವಂತ ವಿಳಾಸ ತೆರೆದುಕೊಳ್ಳುತ್ತದೆ. ಮೌಸ್ ಅದರ ಮೇಲೆ ಇಟ್ಟರೆ 'ನಿನ್ನೆ' ಹೋಗಿ ಪೂರ್ತಿ ದಿನಾಂಕ, ಗಂಟೆ, ನಿಮಿಷ ಕಾಣುತ್ತದೆ. ನಾನು ಎಡವಿದ್ದೂ ಇಲ್ಲೇ. ಹಿಂದಿನ ಕೆಲಸಕ್ಕೆ ಲ್ಯಾಪ್‌ಟಾಪನ್ನು ಯುಟಿಸಿ ಸಮಯಕ್ಕೆ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಟ್ಟಿದ್ದೆ, ವಾಪಸ್ ಬದಲಿಸಿರಲಿಲ್ಲ. ಫೇಸ್‌ಬುಕ್ ತೋರಿಸುವುದು ನೋಡುವವರ ಕಂಪ್ಯೂಟರಿನ ಸಮಯ. ಹಿಂದಿನ ರಾತ್ರಿ 9:40ಕ್ಕೆ ಬಂದ ಕಾಮೆಂಟ್ ನನ್ನ ಪರದೆಯಲ್ಲಿ ಸಂಜೆ 4:10 ಅಂತ ಬಂತು. ಕೆಳಗಿನ ಮೂಲೆಯಲ್ಲಿ ಗಡಿಯಾರ ಮಧ್ಯಾಹ್ನ ಎರಡೂವರೆ ಚಿಲ್ಲರೆ ಅಂತಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಇಪ್ಪತ್ತು ನಿಮಿಷದ ರೆಕಾರ್ಡಿಂಗ್ ಆಗಲೇ ಮುಗಿದಿತ್ತು. ಅದನ್ನು ಅಳಿಸಿ ಹೊಸದಾಗಿ ಮಾಡೋಣ ಅಂತ ಒಂದು ಕ್ಷಣ ಅನಿಸಿತು. ಅಳಿಸಲಿಲ್ಲ. ತಪ್ಪನ್ನು ದಾಖಲೆಯಲ್ಲಿ ಬರೆದು, ಸಮಯ ಸರಿಮಾಡಿ, ಎರಡನೇ ರೆಕಾರ್ಡಿಂಗ್ ಶುರು ಮಾಡಿದೆ. ಎರಡೂ ಫೈಲ್ ಇವೆ.

ಆಮೇಲೆ ಖಾತೆಯ ನಂಬರ್. ಹೆಸರು, ಫೋಟೊ ಯಾವಾಗ ಬೇಕಾದರೂ ಬದಲಾಗುತ್ತವೆ. ಖಾತೆಗೆ ಫೇಸ್‌ಬುಕ್ ಕೊಟ್ಟ ಉದ್ದದ ಅಂಕಿ ಬದಲಾಗುವುದಿಲ್ಲ. ಅದು ಪುಟದ ಮೂಲ ಕೋಡ್‌ನಲ್ಲಿ ಸಿಗುತ್ತದೆ. ಹೊಸಬರು ಇಲ್ಲಿ ಒಂದು ಗುಂಡಿಗೆ ಬೀಳುತ್ತಾರೆ: ಕೋಡ್‌ನಲ್ಲಿ ಲಾಗಿನ್ ಆಗಿರುವವರ ನಂಬರ್ರೂ ಇರುತ್ತದೆ. ಮೊದಲು ಕಂಡದ್ದನ್ನೇ ಬರೆದುಕೊಂಡು, ಆರೋಪಿಯ ಜಾಗದಲ್ಲಿ ತಮ್ಮ ನಂಬರನ್ನೇ ಹಾಕಿದವರನ್ನು ನೋಡಿದ್ದೇನೆ.

"ಹೆಸರು, ಫೋಟೊ ಇದೆಯಲ್ಲ, ನಂಬರ್ ಯಾಕೆ?" ಅಂತ ಮೇಡಂ ಕೇಳಿದರು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 2011ರಲ್ಲಿ ತೀರ್ಮಾನವಾದ ಗ್ರಿಫಿನ್ ಪ್ರಕರಣ ಹೇಳಿದೆ. ಆರೋಪಿಯ ಗೆಳತಿಯದು ಅನ್ನಲಾದ ಮೈಸ್ಪೇಸ್ (ಫೇಸ್‌ಬುಕ್‌ನಂಥ ಜಾಲತಾಣ) ಪುಟದ ಪ್ರಿಂಟನ್ನು ಸಾಕ್ಷ್ಯ ಅಂತ ತಂದಿದ್ದರು. ಅದರಲ್ಲಿ ಫೋಟೊ, ಹುಟ್ಟಿದ ದಿನ, ಊರು ಎಲ್ಲ ಇತ್ತು. ಅಷ್ಟಿದ್ದರೆ ಸಾಲದು, ಯಾರು ಬೇಕಾದರೂ ಇನ್ನೊಬ್ಬರ ಹೆಸರಲ್ಲಿ ಪುಟ ಮಾಡಬಹುದು ಅಂತ ಅಲ್ಲಿನ ಉನ್ನತ ನ್ಯಾಯಾಲಯ ಹೇಳಿತು. ಶಿಕ್ಷೆ ರದ್ದಾಗಿ ಮರುವಿಚಾರಣೆಗೆ ಹೋಯಿತು. ಪುಟ ಇದೆ ಅನ್ನುವುದು ಒಂದು, ಅದನ್ನು ಬರೆದವರು ಇವರೇ ಅನ್ನುವುದು ಇನ್ನೊಂದು. ನನ್ನ ಕೆಲಸ ಮೊದಲನೆಯದನ್ನು ಗಟ್ಟಿ ಮಾಡಿ, ಎರಡನೆಯದಕ್ಕೆ ಕೊಂಡಿ ಉಳಿಸಿಕೊಡುವುದು. ನಂಬರ್ ಆ ಕೊಂಡಿ.

ಮಾರನೇ ದಿನ ಬೆಳಿಗ್ಗೆ ಖಾತೆಯ ಹೆಸರೂ ಫೋಟೊವೂ ಬದಲಾಗಿದ್ದವು. ನಂಬರ್ ಅದೇ.

ಪೋಸ್ಟಿನ ಮೂಲೆಯ ಮೂರು ಚುಕ್ಕೆ ಒತ್ತಿದರೆ ಎಡಿಟ್ ಇತಿಹಾಸ ಸಿಗುತ್ತದೆ. ಜಾಸ್ತಿ ಜನ ನೋಡುವುದೇ ಇಲ್ಲ. ಪೋಸ್ಟ್ ಎರಡು ಸಲ ಬದಲಾಗಿತ್ತು. 41 ಸ್ಕ್ರೀನ್‌ಶಾಟ್‌ಗಳಲ್ಲೂ ಇದ್ದದ್ದು ಕೊನೆಯ ರೂಪ, 'ಮಕ್ಕಳಿಗೆ ಹೊಡೀತಾರೆ' ಅಂತ. ಮೊದಲ ರೂಪದಲ್ಲಿ 'ಗುರುವಾರದ ಬ್ಯಾಚಿನಲ್ಲಿ ನನ್ನ ಮಗಳಿಗೆ' ಅಂತಿತ್ತು. ಹನ್ನೊಂದು ನಿಮಿಷಕ್ಕೆ ಆ ಸಾಲು ಹೋಗಿದೆ. ಟೀಚರ್ ಪರದೆಗೆ ಬಗ್ಗಿ ನೋಡಿ ಸುಮ್ಮನಾದರು. ಗುರುವಾರದ ಬ್ಯಾಚಿನಲ್ಲಿ ಇದ್ದದ್ದು ಆರೇ ಮಕ್ಕಳು, ಅದರಲ್ಲಿ ಇಬ್ಬರು ಹುಡುಗಿಯರು. "ಯಾರು ಅಂತ ಗೊತ್ತಾಯ್ತು ಸರ್." "ಇದು ಸುಳಿವು ಅಷ್ಟೇ ಟೀಚರ್, ಯಾರಿಗೂ ಫೋನ್ ಮಾಡಬೇಡಿ" ಅಂದೆ.

ಕಾಮೆಂಟ್‌ಗಳದ್ದು ದೊಡ್ಡ ಕೆಲಸ. ಫೇಸ್‌ಬುಕ್ ತಾನಾಗಿ ತೋರಿಸುವುದು ತನಗೆ ಮುಖ್ಯ ಅನಿಸಿದ್ದನ್ನು ಮಾತ್ರ. 'ಎಲ್ಲ ಕಾಮೆಂಟ್' ಅಂತ ಆರಿಸಿ, ಪ್ರತಿ ರಿಪ್ಲೈ ಬಿಡಿಸಿ, ಪ್ರತಿ 'ಇನ್ನಷ್ಟು ನೋಡಿ' ಒತ್ತಬೇಕು. ಎಣಿಕೆ 212 ಅಂತ ತೋರಿಸುತ್ತಿತ್ತು, ಬಿಡಿಸಿದ ಮೇಲೆ ಸಿಕ್ಕಿದ್ದು 187. ಉಳಿದ 25 ಎಲ್ಲಿ? ಅಳಿಸಿದ್ದಿರಬಹುದು, ಮುಚ್ಚಿಟ್ಟದ್ದಿರಬಹುದು, ನನಗೆ ಕಾಣದ ಖಾತೆಗಳದ್ದಿರಬಹುದು. ವ್ಯತ್ಯಾಸವನ್ನು ಹಾಗೇ ಬರೆದಿಟ್ಟೆ. ನಾವೇ ಮೊದಲು ಹೇಳಿದರೆ ಅದು ಮಾಹಿತಿ. ಪಾಟೀಸವಾಲಿನಲ್ಲಿ ಎದುರು ವಕೀಲರು ಕಕ್ಕಿಸಿದರೆ ಅದು ಲೋಪ.

ಬರೀ ಚಿತ್ರ ತೆಗೆದರೂ ಸಾಲದು. ಹಲವು ಜಾಲತಾಣಗಳಲ್ಲಿ ಕೆಳಕ್ಕೆ ಹೋದ ಹಾಗೆ ಮೇಲಿನ ಭಾಗವನ್ನು ಬ್ರೌಸರ್ ಬಿಟ್ಟುಬಿಡುತ್ತದೆ. ಕೊನೆಗೆ 'ಸೇವ್' ಒತ್ತಿದರೆ ಬರುವುದು ಬಾಲ ಮಾತ್ರ. ಹಾಗಾಗಿ ಸರ್ವರ್ ಕಳಿಸಿದ್ದನ್ನೆಲ್ಲ ಬಂದ ಹಾಗೇ ಹಿಡಿದಿಡುವ ವಾರ್ಕ್ ಫೈಲ್ ಕೂಡ ಮಾಡಿಕೊಂಡೆ. ವೆಬ್ ಪುಟ ಕಾಪಿಡಲೆಂದೇ ಇರುವ ಮಾದರಿ ಅದು, ಐಎಸ್‌ಒ 28500 ಅಂತ ಮಾನದಂಡವೂ ಇದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೂ ಬರ್ಕ್ಲಿ ವಿಶ್ವವಿದ್ಯಾಲಯದವರೂ ಸೇರಿ 2020ರಲ್ಲಿ ತಂದ ಬರ್ಕ್ಲಿ ಪ್ರೋಟೊಕಾಲ್‌ನಲ್ಲಿ ಏನೇನು ಹಿಡಿಯಬೇಕು ಅನ್ನುವ ಪಟ್ಟಿ ಇದೆ: ವಿಳಾಸ, ಮೂಲ ಕೋಡ್, ಪೂರ್ತಿ ಪುಟ, ಒಳಗಿನ ಫೋಟೊ ವಿಡಿಯೊ, ಹ್ಯಾಶ್ (ಫೈಲಿನ ಗುರುತಿನ ಸಾಲು, ಮುಂದೆ ಹೇಳುತ್ತೇನೆ), ಹಿಡಿದವರ ವಿವರ. ಅದರಲ್ಲೇ ಸುತ್ತಲಿನ ಸಂದರ್ಭ ಅಂತಲೂ ಒಂದು ಇದೆ, ಅಂದರೆ ಕಾಮೆಂಟ್‌ಗಳಂಥವು. ಯುದ್ಧಾಪರಾಧದ ತನಿಖೆಗೆ ಬರೆದ ಪಟ್ಟಿ, ಆದರೂ ಚಿತ್ರಕಲೆ ಕ್ಲಾಸಿನ ಜಗಳಕ್ಕೂ ಸರಿಯಾಗಿ ಹೊಂದುತ್ತದೆ.

ಸುಮಾರು ಹತ್ತು ಗಂಟೆಗೆ 17ನೇ ಚಿತ್ರದ ಜಾಗ ಬಂತು.

ಗೆರೆಯ ಕೆಳಗೆ ಇದ್ದದ್ದು

ತಾಯಿಯ ಕಾಮೆಂಟ್. ಟೀಚರ್ ವಿನಯದ ರಿಪ್ಲೈ. ಅದರ ಕೆಳಗೆ ಫೇಕ್ ಖಾತೆಯ ರಿಪ್ಲೈ, ಟೀಚರ್ ಮಗನ ಬಗ್ಗೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರ ಕೆಳಗೆ, 9:40ಕ್ಕೆ, ಮತ್ತೆ ಟೀಚರ್: 'ನೀನು ಯಾರು ಅಂತ ಕಂಡುಹಿಡಿದೇ ಹಿಡೀತೀನಿ. ಆಮೇಲೆ ನಿನ್ನ ಮಗು ಯಾವ ಕ್ಲಾಸಿಗೆ ಹೋಗುತ್ತೋ ನಾನೂ ನೋಡ್ತೀನಿ.'

ಯಾರೂ ಮಾತಾಡಲಿಲ್ಲ. ರೆಕಾರ್ಡಿಂಗ್ ಓಡುತ್ತಿತ್ತು. ಕೊನೆಗೆ ಟೀಚರ್ ಕೇಳಿದರು, "ಇದನ್ನ ಡಿಲೀಟ್ ಮಾಡ್ಲಾ?" ಫೋನ್ ಆಗಲೇ ಕೈಯಲ್ಲಿತ್ತು.

ಲಾಯರ್ ಮೇಡಂ "ಬೇಡ" ಅಂದ ರೀತಿಗೆ ನಾನೇ ಬೆಚ್ಚಿದೆ. ಕೇಸ್ ಬರಲಿದೆ ಅಂತ ಗೊತ್ತಿದ್ದೂ ಅಳಿಸಿದರೆ ಅದು ಸಾಕ್ಷ್ಯನಾಶ. ಅಮೆರಿಕದ ವರ್ಜೀನಿಯಾದಲ್ಲಿ ಹೆಂಡತಿಯನ್ನು ಅಪಘಾತದಲ್ಲಿ ಕಳೆದುಕೊಂಡ ಒಬ್ಬರು ಪರಿಹಾರ ಕೇಳಿ ದಾವೆ ಹಾಕಿದ್ದರು. ಫೇಸ್‌ಬುಕ್ ಸ್ವಚ್ಛ ಮಾಡಿಕೊಳ್ಳಿ ಅಂತ ಅವರ ವಕೀಲರ ಕಡೆಯಿಂದ ಸಲಹೆ ಹೋಯಿತು, ಅವರು ಫೋಟೊ ಅಳಿಸಿದರು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋದ ಆ ಪ್ರಕರಣದಲ್ಲಿ ವಕೀಲರ ಮೇಲೆ 5,42,000 ಡಾಲರ್, ಕಕ್ಷಿದಾರರ ಮೇಲೆ 1,80,000 ಡಾಲರ್ ದಂಡ ಬಿತ್ತು. ಫೋಟೊ ಅಲ್ಲೇ ಬಿಟ್ಟಿದ್ದರೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ ಅಂತ ನನ್ನ ಅಂದಾಜು.

ಇನ್ನೊಂದು ಮಾತನ್ನು ನಾನು ಸೇರಿಸಿದೆ. "ಟೀಚರ್, ನೀವು ಕತ್ತರಿಸಿದ್ದು ಎರಡು ಕಾಮೆಂಟ್, ಒಂದಲ್ಲ. ನಿಮ್ಮದನ್ನು ಮುಚ್ಚಿಡಲು ಹೋಗಿ ಮೇಲಿನದನ್ನೂ ಮುಚ್ಚಿದ್ದೀರಿ. ನಿಮಗೆ ಯಾಕೆ ಸಿಟ್ಟು ಬಂತು ಅಂತ ಹೇಳುವುದು ಅದೇ." ಅವರು ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು.

ಉಳಿದದ್ದು ಬೇಗ ಮುಗಿಯಿತು. ಅದೇ ಖಾತೆಯವರು ಇನ್‌ಸ್ಟಾಗ್ರಾಂನಲ್ಲಿ ಸ್ಟೋರಿಯನ್ನೂ ಹಾಕಿದ್ದರು. 24 ಗಂಟೆಗೆ ಮಾಯವಾಗುವಂಥದ್ದು, ಇನ್ನು ಐದು ಗಂಟೆ ಉಳಿದಿತ್ತು. ಸ್ಟೋರಿ ನೋಡಿದವರ ಹೆಸರು ಹಾಕಿದವರಿಗೆ ಕಾಣುತ್ತದೆ. ನಾವು ನೋಡಿದ್ದು ಗೊತ್ತಾದರೆ ಉಳಿದದ್ದನ್ನು ಅಳಿಸಿಯಾರು ಅಂತ ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಎಕ್ಸ್‌ನಲ್ಲೂ (ಹಿಂದಿನ ಟ್ವಿಟರ್) ಇದೇ ಆರೋಪ ಬಂದಿತ್ತು, ಅದು ನಿಜಕ್ಕೂ ಅಳಿಸಿಹೋಗಿತ್ತು. ಒಬ್ಬ ಪೋಷಕರ ವಾಟ್ಸಾಪ್‌ನಲ್ಲಿ ಲಿಂಕ್ ಮಾತ್ರ ಉಳಿದಿತ್ತು. ಅಷ್ಟರಿಂದಲೇ ಸಮಯ ಸಿಕ್ಕಿತು. ಎಕ್ಸ್‌ನ ಲಿಂಕ್ ಕೊನೆಯಲ್ಲಿರುವ ಉದ್ದದ ಅಂಕಿಯನ್ನು 22 ಬಿಟ್ ಬಲಕ್ಕೆ ಸರಿಸಿ (ಅಂದರೆ 2ರ 22ನೇ ಘಾತದಿಂದ ಭಾಗಿಸಿ, ಶೇಷ ಬಿಟ್ಟು), 1288834974657 ಕೂಡಿದರೆ, ಪೋಸ್ಟ್ ಹುಟ್ಟಿದ ಹೊತ್ತು ಮಿಲಿಸೆಕೆಂಡ್ ಲೆಕ್ಕದಲ್ಲಿ ಬರುತ್ತದೆ. ಫೇಸ್‌ಬುಕ್ ಪೋಸ್ಟಿಗಿಂತ 26 ನಿಮಿಷ ಮೊದಲು. ಅದರಲ್ಲಿ ಏನು ಬರೆದಿತ್ತು ಅನ್ನುವುದನ್ನು ಅಂಕಿ ಹೇಳುವುದಿಲ್ಲ, ಹಾಗಾಗಿ ವರದಿಯಲ್ಲಿ ಸಮಯ ಮಾತ್ರ ಬರೆದೆ.

ಎಲ್ಲ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್ ತೆಗೆದೆ. 64 ಅಕ್ಷರದ ಸಾಲು, ಫೈಲಿನ ಬೆರಳಚ್ಚು ಅಂದುಕೊಳ್ಳಿ. ಟೀಚರ್ ನಂಬದೆ ಇಣುಕುತ್ತಿದ್ದರು. ಒಂದು ಚಿತ್ರದ ನಕಲು ಮಾಡಿ ಹೆಸರು ಬದಲಿಸಿ ತೋರಿಸಿದೆ, ಹ್ಯಾಶ್ ಅದೇ ಬಂತು. ಹೊಳಪನ್ನು ಒಂದು ಗೀಟು ಏರಿಸಿ ಸೇವ್ ಮಾಡಿದೆ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, 64 ಅಕ್ಷರದ ಸಾಲು ಮಾತ್ರ ಪೂರ್ತಿ ಬೇರೆ. ಹ್ಯಾಶ್‌ಗಳ ಪಟ್ಟಿಯನ್ನು ರಾತ್ರಿಯೇ ಮೇಡಂಗೆ ಇಮೇಲ್ ಮಾಡಿದೆ. ಆಮೇಲೆ ತಿದ್ದಿಲ್ಲ ಅನ್ನುವುದಕ್ಕೆ ಬೇರೆಯವರ ಹತ್ತಿರವೂ ಒಂದು ಗುರುತು ಇರಲಿ ಅಂತ.

ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲೇಬೇಕು. ಅದಕ್ಕೆ ಎರಡು ಭಾಗ: ಒಂದನ್ನು ಸಾಕ್ಷ್ಯ ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ನಮೂನೆಯಲ್ಲಿ ಎಂಡಿ5, ಎಸ್‌ಎಚ್‌ಎ-1 ಅನ್ನುವ ಹಳೆಯ ಹ್ಯಾಶ್ ವಿಧಾನಗಳೂ ಆಯ್ಕೆಗಳಾಗಿ ಇವೆ. ಎಂಡಿ5ಗೆ 2004ರಲ್ಲೇ, ಎಸ್‌ಎಚ್‌ಎ-1ಕ್ಕೆ 2017ರಲ್ಲಿ, ಎರಡು ಬೇರೆ ಬೇರೆ ಫೈಲಿಗೆ ಒಂದೇ ಹ್ಯಾಶ್ ಬರುವಂತೆ ಮಾಡಿ ತೋರಿಸಿದ್ದಾರೆ. ನಾನಂತೂ ಅವೆರಡನ್ನು ಟಿಕ್ ಮಾಡುವುದಿಲ್ಲ.

ರಾತ್ರಿ ಹನ್ನೊಂದು ಮುಕ್ಕಾಲಿಗೆ "ಈಗ ರಿಪೋರ್ಟ್ ಮಾಡಬಹುದು" ಅಂದೆ. ಎರಡು ಗಂಟೆ ಅಂದಿದ್ದು ನಾಲ್ಕಾಗಿತ್ತು.

ಮಧ್ಯಸ್ಥಿಕೆಯ ಮೇಜು

ಖಾತೆ ಯಾರದ್ದು ಅನ್ನುವ ಉತ್ತರ ಬೇಗ ಬರುವಂಥದ್ದಲ್ಲ. ಲಾಗಿನ್ ವಿವರ, ಐಪಿ ವಿಳಾಸ ಇವನ್ನೆಲ್ಲ ಕಂಪನಿ ಖಾಸಗಿಯವರಿಗೆ ಕೊಡುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಸರ್ಕಾರಿ ತನಿಖಾಧಿಕಾರಿ ಕೇಳಿದರೆ ಇರುವ ದಾಖಲೆಯನ್ನು 90 ದಿನ ಕಾಪಿಡಬೇಕು, ಮತ್ತೆ ಕೇಳಿದರೆ ಇನ್ನೂ 90. ನಾನಾಗಲಿ ಲಾಯರ್ ಮೇಡಂ ಆಗಲಿ ಪತ್ರ ಬರೆದರೆ ಆ ಬಲ ಇಲ್ಲ. ಕೋರ್ಟಿನ ಮೂಲಕವೇ ಹೋದೆವು, ತಿಂಗಳುಗಳು ಹಿಡಿದವು. ಅಷ್ಟರಲ್ಲಿ ಖಾತೆಯ ಹೆಸರು ಮೂರು ಸಲ ಬದಲಾಗಿತ್ತು. ಬಂದ ದಾಖಲೆಯಲ್ಲಿ ಇದ್ದದ್ದು ನಂಬರ್, ನಮ್ಮ ರೆಕಾರ್ಡಿಂಗ್‌ನಲ್ಲಿ ಇದ್ದದ್ದೇ. ಗುರುವಾರದ ಬ್ಯಾಚಿನ ಮನೆಯೇ, ಆದರೆ ಟೀಚರ್ ಅಂದುಕೊಂಡಿದ್ದ ಮನೆಯಲ್ಲ, ಇನ್ನೊಂದು ಹುಡುಗಿಯದು. ಅವತ್ತು ಫೋನ್ ಮಾಡಿಬಿಟ್ಟಿದ್ದರೆ!

ಮಧ್ಯಸ್ಥಿಕೆಗೆ ಕೂತಾಗ ಎದುರು ವಕೀಲರು ಮೊದಲು ಹೇಳಿದ್ದು 'ಎಡಿಟ್ ಮಾಡಿದ ಸ್ಕ್ರೀನ್‌ಶಾಟ್' ಅಂತ. ಹ್ಯಾಶ್ ಪಟ್ಟಿ, ರೆಕಾರ್ಡಿಂಗ್ ನೋಡಿ ಆ ಮಾತು ಬಿಟ್ಟರು. ಗಡಿಯಾರದ ತಪ್ಪು ಹಿಡಿದರು. ಅದು ನಮ್ಮ ದಾಖಲೆಯಲ್ಲೇ ಇತ್ತು, ಪುಟ ತೋರಿಸಿದೆ. ಆಮೇಲೆ ಅವರು ಒಂದು ಪ್ರಿಂಟ್ ತೆಗೆದು ಮಧ್ಯಸ್ಥರ ಮುಂದೆ ಇಟ್ಟರು. ಟೀಚರ್ 9:40ರ ಕಾಮೆಂಟ್. "ಮಗುವಿಗೆ ಬೆದರಿಕೆ ಹಾಕುವ ಇವರು ಮಾನನಷ್ಟ ಅಂತ ಬಂದಿದ್ದಾರೆ" ಅಂದರು.

ಆ ಪ್ರಿಂಟ್‌ನಲ್ಲಿ ತಾಯಿಯ ಕಾಮೆಂಟ್ ಇತ್ತು, ಟೀಚರ್ ವಿನಯದ ರಿಪ್ಲೈ ಇತ್ತು, ಅದರ ಕೆಳಗೆ ನೇರ ಬೆದರಿಕೆ. ನಡುವಿನದು ಇರಲಿಲ್ಲ. ಅದನ್ನು ಖಾತೆಯವರು ಮಾರನೇ ಬೆಳಿಗ್ಗೆಯೇ ಅಳಿಸಿ, ಆಮೇಲೆ ಈ ಸ್ಕ್ರೀನ್‌ಶಾಟ್ ತೆಗೆದಿದ್ದರು. ಒಳ್ಳೆ ಮಾತಾಡುತ್ತಿದ್ದವರು ಒಂದೇ ಸಲ ಕಾರಣವಿಲ್ಲದೆ ಮಗುವಿನ ಮೇಲೆ ಹರಿಹಾಯ್ದ ಹಾಗೆ ಕಾಣುತ್ತಿತ್ತು.

ಲಾಯರ್ ಮೇಡಂ ನಮ್ಮ ಕಟ್ಟಿನ 63ನೇ ಪುಟ ತೆರೆದು ಪಕ್ಕದಲ್ಲಿಟ್ಟರು. ನಾಲ್ಕೂ ಕಾಮೆಂಟ್, ನಾಲ್ಕಕ್ಕೂ ಸಮಯ. ಟೀಚರ್ ಬೆದರಿಕೆಯ ಸಾಲಿಗೆ ನಾವೇ ಮೊದಲೇ ಗೆರೆ ಎಳೆದಿದ್ದೆವು. ಎದುರು ವಕೀಲರು ನಡುವಿನ ಕಾಮೆಂಟನ್ನು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಪಕ್ಕದಲ್ಲಿ ಕೂತ ತಮ್ಮ ಕಕ್ಷಿದಾರರನ್ನು ಕರೆದುಕೊಂಡು ಹತ್ತು ನಿಮಿಷ ಹೊರಗೆ ಹೋದರು.

ಪೋಸ್ಟ್ ಹೋಯಿತು, ಅದೇ ಖಾತೆಯಲ್ಲಿ ನಿಜವಾದ ಹೆಸರಿನಿಂದ ತಿದ್ದುಪಡಿ ಬಂತು, ನಷ್ಟಕ್ಕೆ ಒಂದಿಷ್ಟು ಹಣವೂ ಬಂತು. ಟೀಚರ್ ಕೂಡ 9:40ರ ಮಾತಿಗೆ ಬರಹದಲ್ಲಿ ಕ್ಷಮೆ ಕೇಳಿದರು. ಅದನ್ನು ಅವರು ಯಾರೂ ಕೇಳುವ ಮೊದಲೇ ಬರೆದು ತಂದಿದ್ದರು, ನಾಲ್ಕು ಸಾಲು, ಕೈಬರಹದಲ್ಲಿ.